ಕಂಬ ನಡೀಬಾರ್ದು

ಬೆನ್ನ ಮ್ಯಾಲ ಒಂಬತ್ತು ಬರಕೊಂಡಾನ,
ಒಂಬತ್ತರ ಜಾಗದಾಗ ನಿಂದ್ರಂಗಿಲ್ಲ.
ಬಳ್ಳಾರಿ ಕೌಲ್ ಬಜಾರಿನ ಜಿಲಾನಿ,
ಸಣಕಲ, ಎಡಗಾಲ ಸಾಕ್ಸು ಯಾವತ್ತೂ ಜಾರಿದ್ದು,
ನಮ್ಮ ಗೋಲಿಗೆ ಬೆನ್ನು ಕೊಟ್ಟು
ಬಾವಿ ಮೆಟ್ಟಲ ಇಳಿಯೋರಂಗ
ಕೆಳಗ, ಇನ್ನೂ ಕೆಳಗ.
ನಾ ಅವನ ಬೆನ್ನಿಗೆ.

ಹನ್ನೊಂದು ವರ್ಷದಿಂದ ಹಟ್ಟಿ ಕ್ಯಾಂಪಿನ ಸ್ಟಾಪರ್ ನಾನು.
ನನಗ ಕಲಿಸಿದ್ದು ಒಂದೇ ಮಾತು:
ನಿನ್ನ ಮನುಷ್ಯಾನ್ನ ಬಿಡಬ್ಯಾಡ.
ಬಿಡಲಿಲ್ಲ.
ನಡು ಗೆರಿ ದಾಟಿ, ಅವರ ಹಾಫ್‌ಗಳು ನೀರು ಕುಡಿಯೋ ತನಾ ಹೋದೆ,
ಅವನ ಅಂಗಿ ಬೆವರು ನನ್ನ ಮೂಗಿನಾಗ.
ಅವ ಚೆಂಡು ಮುಟ್ಟಿದ್ದು ಒಂದೇ ಸಲ,
ಹಿಂಗ, ಹಿಮ್ಮಡಲೆ.
ತಿರುಗಿ ನೋಡಿದ್ರ
ನಾ ಇರಬೇಕಾದಲ್ಲಿ ನಾ ಇಲ್ಲ.
ಅಲ್ಲಿ ಅವರ ಬಲಗಡೆ ಹುಡುಗ ಓಡಾಕ ಹತ್ಯಾನ,
ಯಂಕೋಬ ಒಬ್ಬನ ಎರಡೂ ಕೈ ಚಾಚಿ
ಓಣ್ಯಾಗ ಕುರಿ ತರುಬೋನಂಗ.
ಗೋಲು.

ಹಾಫ್‌ಟೈಮಿಗೆ ಅರುಳಪ್ಪ ಮೇಸ್ತ್ರಿ ಬೈಲಿಲ್ಲ.
ಕಿಸೆದಾಗಿಂದ ನಾಕು ನಟ್ಟು, ಮೂರು ವಾಷರು ತಗದು
ಮಣ್ಣಾಗಿಟ್ಟ. ಲಿಂಬಿ ಹೋಳು ಜಿಲಾನಿ.
ಹೋಳು ಸರಿಸಿದ, ನಟ್ಟು ನೋಡಿದ, ನನ್ನ ನೋಡಿದ.
"ಅಮರೇಶ, ಕೆಳಗ ಏನ್ ಕೆಲಸಪಾ ನಿಂದು?"
ಟಿಂಬರಿಂಗ್, ಅಂದೆ.
"ಹಂಗಾರ ಹೇಳು. ಎರಡು ಸಾವಿರ ಅಡಿ ಕೆಳಗ
ಛತ್ತಿಗೆ ಕೊಟ್ಟ ಕಂಬ
ಹೊಳಿಯೋ ಕಲ್ಲು ಕಂಡೆ ಅಂತ ಎದ್ದು ನಡದ್ರ?"

ಯಾರೂ ನಗಲಿಲ್ಲ. ನಮ್ಮಾಗ ಮೂರು ಮಂದಿ
ಅವತ್ತು ರಾತ್ರಿನ ಪಾಳಿಗೆ ಇಳಿಯೋರು.

"ಗೆರಿ ತನಾ ಕಳಿಸು, ಆಮ್ಯಾಲ ಕೂಗು.
ಹುಲಿಗೆಪ್ಪ, ಕೂಗು ಕೇಳಿದ ಕೂಡ್ಲೆ ಅವ ನಿನ್ನಾಂವ.
ಕಸೀಬ್ಯಾಡ. ತಿರುಗಾಕ ಬಿಡಬ್ಯಾಡ, ಅಷ್ಟ.
ಹೊತ್ತು ಮುಳುಗೋ ತನಾ ಬೆನ್ನು ಮಾಡೇ ಆಡ್ಲಿ ಮಗ.
ಅಂಚಿನ ಹುಡುಗ್ರು ಒಳಗ ಬರ್ರಿ,
ಇಬ್ಬರ ನಡುವ ಒಂದು ಧೋತ್ರ ಹಾಸೋವಷ್ಟ ಜಾಗ."
ಲಿಂಬಿ ಹೋಳು ಎತ್ತಿ, ಮಣ್ಣು ಒರಸಿ
ತಾನೇ ಚೀಪಿದ.

ಹೇಳೋದು ಸಸಾರ.
ಕಾಲಿಗೆ ಯಾರು ಹೇಳಬೇಕು?
ಅವ ಇಳದ. ನನ್ನ ಕಾಲು
ಕರು ಹಗ್ಗ ಜಗ್ಗಿದಂಗ ಜಗ್ಗಿದವು.
ನಿಂತೆ. "ಹುಲಿಗ್ಯಾ!" ಅಂತ ಒದರಿದೆ.
ಮುಂದ ಯಾರೂ ಇಲ್ಲ.
ಆ ಕಡೆ ಗಣಿ ಅರದು ಒಗದ ಬೂದಿ ಮಣ್ಣಿನ ಗುಡ್ಡ,
ಈ ಕಡೆ ನಾನು, ಗಡಿಗಿ ಇಲ್ಲದ ಸಿಂಬಿ.
ಎಷ್ಟೊತ್ತು ಅಂತ ಜಾಗ ಕಾಯೋದು?
ಜಾಗಕ್ಕ ಮಾರಿ ಇಲ್ಲ, ನಂಬರಿಲ್ಲ,
ಬೈದ್ರ ತಿರುಗಿ ಬೈಯಂಗಿಲ್ಲ.

ಅರವತ್ತನೇ ನಿಮಿಷಕ್ಕೋ ಏನೋ
ಜಿಲಾನಿ ತಾನೇ ಬಂದು ಬಾಜೂಕ ನಿಂತ.
ಸಾಕ್ಸು ಏರಿಸ್ಕೊಂತ ಕೇಳಿದ,
"ಯಾಕಣ್ಣ, ಬರವಲ್ಲಿ?"
ಮೊದಲ ಹಾಫಿನಾಗ ಜೋಡೆತ್ತಿನಂಗ ತಿರುಗಿದ್ದು
ಅವಂಗ ಸೇರಿತ್ತೇನೋ.
ನನಗೂ.
"ಡ್ಯೂಟಿ," ಅಂದೆ.
ನಕ್ಕ. ಮತ್ತ ಇಳದ.

ಕಸೀಬ್ಯಾಡ ಅಂದ್ರೂ ಹುಲಿಗೆಪ್ಪ ಕಸಗೊಂಡ,
ಅವನ ಕಾಲಾಗಿಂದ ಹೊಂಟ ಚೆಂಡು
ಮೂರು ಮಂದಿ ದಾಟಿ ಬಲಿ ಸೇರಿತು.
ಒಂದಕ್ಕ ಒಂದು. ಟ್ರೋಫಿ ಟಾಸಿನ ಮ್ಯಾಲ ಬಳ್ಳಾರಿಗೆ.
ಮೇಸ್ತ್ರಿ ನಟ್ಟು ಎಣಿಸಿ ಕಿಸೆಕ್ಕ ಹಾಕಿದ,
ಒಂದು ವಾಷರು ಸಿಗಲಿಲ್ಲ, ಅದರದೇ ಚಿಂತಿ ಅವಂಗ.

ರಾತ್ರಿ ಕೆಳಗ, ಟೋಪಿ ದೀಪದ ಬೆಳಕಿನಾಗ,
ನಾನೇ ನಿಂದರಿಸಿದ ಕಂಬಕ್ಕ
ಅಂಗೈಲೆ ಒಂದೇಟು ಬಡದೆ.
ಹೊಸದಾಗಿ ಸೇರಿದ ಹುಡುಗ ಕೇಳಿದ,
"ಗಟ್ಟಿ ಐತಾ ಇಲ್ಲಾ ನೋಡತೀಯೇನು?"

ಇಲ್ಲೋ.
ಐತಾ ಇಲ್ಲಾ ನೋಡಿದೆ.